48 ತಂಡಗಳ ವಿಶ್ವಕಪ್ ಗೋಡೆ ಚಾರ್ಟ್: ಗುಂಪು ಹಂತ ಛಲೋ, ನಾಕೌಟ್ ಗೋಜಲು

ಬೆಳಗಾವಿಯ ಖಡೇಬಜಾರ್ ಕಡೆಯ ಕ್ರೀಡಾ ಸಾಮಗ್ರಿ ಅಂಗಡಿಯೊಂದರಲ್ಲಿ 2026ರ ಫುಟ್‌ಬಾಲ್ ವಿಶ್ವಕಪ್‌ನ ಫಲಿತಾಂಶ ತುಂಬಿಕೊಳ್ಳುವ ಕನ್ನಡ ಚಾರ್ಟ್ ಸಿಗುತ್ತಿದೆ. ಕಾಗದದ್ದು 80 ರೂಪಾಯಿ, ಫ್ಲೆಕ್ಸ್ 200. ಎರಡರ ಅಳತೆಯೂ 20×30 ಇಂಚು.

ಇಷ್ಟು ಜಾಗದಲ್ಲಿ 104 ಪಂದ್ಯ ಹಿಡಿಸುವುದು ಸಣ್ಣ ಕೆಲಸವಲ್ಲ. ಕಳೆದ ಸಲ 64 ಇದ್ದವು. ನಾಲ್ಕು ತಂಡಗಳ 12 ಗುಂಪು, ಗುಂಪು ಹಂತದಲ್ಲೇ 72 ಪಂದ್ಯ. ಈ ಭಾಗ ಅಚ್ಚುಕಟ್ಟಾಗಿದೆ. ಇದೇ ಮೊದಲ ಸಲ ಬರುತ್ತಿರುವ ಕುರಸಾವ್, ಕೇಪ್ ವರ್ಡ್, ಜೋರ್ಡಾನ್, ಉಜ್ಬೇಕಿಸ್ತಾನದ ಹೆಸರುಗಳೂ ತಪ್ಪಿಲ್ಲದೆ ಅಚ್ಚಾಗಿವೆ.

ಎಡವಿದ್ದು ಅದರ ಮುಂದಿನ ನಾಕೌಟ್ ಹಂತದಲ್ಲಿ. ಪ್ರತಿ ಗುಂಪಿನ ಮೊದಲೆರಡು ತಂಡಗಳ ಜೊತೆ, ಮೂರನೇ ಸ್ಥಾನದವುಗಳ ಪೈಕಿ ಎಂಟು ಸೇರಿ 32 ಆಗಬೇಕು. 12ರಲ್ಲಿ ಯಾವ ಎಂಟು ಎನ್ನುವುದಕ್ಕೆ 495 ಸಾಧ್ಯತೆಗಳಿವೆ. 1986ರಲ್ಲಿ ಆರು ಗುಂಪುಗಳಿಂದ ನಾಲ್ಕು ಮೂರನೆಯವು ಬರುತ್ತಿದ್ದಾಗ ಇದ್ದದ್ದು ಬರೀ 15. ಚಾರ್ಟ್ ಮಾಡಿದವರು ಇದರ ತಂಟೆಗೇ ಹೋಗದೆ 74ನೇ ಪಂದ್ಯಕ್ಕೆ ‘ಇ1 – ಎ3’, ಅಂದರೆ ಇ ಗುಂಪಿನ ಮೊದಲನೆಯದಕ್ಕೆ ಎ ಗುಂಪಿನ ಮೂರನೆಯದು ಎದುರಾಳಿ ಎಂದು ಹಾಕಿಬಿಟ್ಟಿದ್ದಾರೆ. ಅಸಲಿಗೆ ಅಲ್ಲಿಗೆ ಎ, ಬಿ, ಸಿ, ಡಿ, ಎಫ್ ಪೈಕಿ ಯಾವ ಗುಂಪಿನ ಮೂರನೆಯದಾದರೂ ಬರಬಹುದು. ಎ3 ಅಷ್ಟರಲ್ಲಿ ಗಂಟುಮೂಟೆ ಕಟ್ಟಿರಲೂಬಹುದು. ಇಂಥವು ಒಟ್ಟು ಎಂಟು ಪಂದ್ಯ. ಎ, ಬಿ, ಡಿ, ಇ, ಜಿ, ಐ, ಕೆ, ಎಲ್ ಗುಂಪುಗಳ ಅಗ್ರ ತಂಡಗಳ ಎದುರಿನ ಮನೆಗೆ ಬಿಳಿ ಪಟ್ಟಿ ಅಂಟಿಸಿ ಖಾಲಿ ಬಿಡಿ.

ಮೂರನೆಯವುಗಳ ಪಟ್ಟಿಗೆ ಜಾಗವನ್ನೇ ಕೊಟ್ಟಿಲ್ಲ. ಬೇರೆ ಹಾಳೆಯಲ್ಲಿ 12 ಸಾಲು ಎಳೆದು ಪಕ್ಕಕ್ಕೆ ಅಂಟಿಸಬೇಕು. ಮೊದಲು ಅಂಕ, ಆಮೇಲೆ ಗೋಲು ವ್ಯತ್ಯಾಸ, ಹೊಡೆದ ಗೋಲು, ಶಿಸ್ತಿನ ಅಂಕ (ಹಳದಿ, ಕೆಂಪು ಕಾರ್ಡುಗಳ ಲೆಕ್ಕ). ಕಾಲಂಗಳು ಇದೇ ಕ್ರಮದಲ್ಲಿರಲಿ. ನಮ್ಮಲ್ಲಿ ಜೂನ್ 28ರ ಬೆಳಿಗ್ಗೆ ಗುಂಪು ಹಂತ ಮುಗಿಯುವ ತನಕ ಪೆನ್ಸಿಲ್ಲೇ ಗತಿ. ಎ ಗುಂಪಿನ ಆಟ ಮೂರು ದಿನ ಮೊದಲೇ ಮುಗಿದರೂ ಅದರ ಮೂರನೇ ತಂಡ ಉಳಿದವರ ಫಲಿತಾಂಶ ನೋಡುತ್ತಾ ಕೂರಬೇಕು. 2017ರಲ್ಲಿ ಫಿಫಾ ಒಪ್ಪಿದ್ದ ಮೂರು ತಂಡಗಳ 16 ಗುಂಪು ಉಳಿದಿದ್ದರೆ ಮೊದಲೆರಡು ತಂಡಗಳೇ ಸೇರಿ 32 ಆಗಿ ಚಾರ್ಟ್‌ನವರಿಗೆ ಸಲೀಸಿತ್ತು. ಆದರೆ ಕೊನೆಯ ಪಂದ್ಯದಲ್ಲಿ ಒಂದು ತಂಡ ಹೊರಗೆ ಕೂತು, ಉಳಿದೆರಡು ಬೇಕಾದ ಫಲಿತಾಂಶ ಹೊಂದಿಸಿಕೊಳ್ಳಲು ದಾರಿಯಾಗುತ್ತಿತ್ತು. 2023ರಲ್ಲಿ ಅದನ್ನು ಕೈಬಿಟ್ಟದ್ದೇ ಸರಿ.

ತಾರೀಖಿನಲ್ಲೂ ಗಡಿಬಿಡಿ ಇದೆ. ವೇಳೆ ಭಾರತದ್ದು, ದಿನಾಂಕ ಪಂದ್ಯ ನಡೆಯುವ ಊರಿನದು. ಉದ್ಘಾಟನಾ ಪಂದ್ಯ ‘ಜೂನ್ 11, ರಾತ್ರಿ 12:30’ ಎಂದಿದೆ. ನಮಗದು ಜೂನ್ 12. ಫೈನಲ್ ಕೂಡ ಜುಲೈ 19 ಅಲ್ಲ, 19ರ ನಡುರಾತ್ರಿ ದಾಟಿದ ಮೇಲೆ, ಅಂದರೆ 20ರ 12:30. ಮೊಬೈಲಿನಲ್ಲಿ ಅಲಾರಂ ಇಡುವವರು ಮೊದಲು ಇದನ್ನು ತಿದ್ದಿಕೊಳ್ಳಿ.

ಫ್ಲೆಕ್ಸ್ ಬೇಡ. ಅದರ ಮೇಲೆ ಪೆನ್ಸಿಲ್ ಮೂಡುವುದಿಲ್ಲ, ಮಾರ್ಕರ್ ಬರಹವನ್ನು ಸ್ಪಿರಿಟ್‌ನಿಂದ ಒರೆಸಿದರೆ ಅಚ್ಚಿನ ಬಣ್ಣವೂ ಎದ್ದು ಬರುತ್ತದೆ. ಕಾಗದದ್ದನ್ನೇ ತಗೊಳ್ಳಿ. ಅಂಗಡಿಯವರು ನಾಲ್ಕು ಮಡಿಕೆ ಮಾಡಿ ಕೊಡುತ್ತಾರೆ. ಮಡಿಕೆ ಸರಿಯಾಗಿ ಎಫ್, ಜಿ ಗುಂಪುಗಳ ಸ್ಕೋರ್ ಮನೆಗಳ ಮೇಲೇ ಬೀಳುತ್ತದೆ. ಸುರುಳಿ ಸುತ್ತಿ ಕೊಡಿ ಅಂತ ಹೇಳಿ.