ಡ್ಯೂಯಿ ಬೇಕಾ, ಮ್ಯಾಟ್ ಬೇಕಾ?

ಡ್ಯೂಯಿ ಎಂದರೆ ಮುಖ ತೇವವಿದ್ದಂತೆ ಹೊಳೆಯುವ ಮೇಕಪ್, ಮ್ಯಾಟ್ ಎಂದರೆ ಹೊಳಪಿಲ್ಲದ ಮೇಕಪ್. ನಿಮ್ಮದು ಒಣ ಚರ್ಮವಾದರೆ ಜಾಸ್ತಿ ಯೋಚಿಸಬೇಡಿ, ಡ್ಯೂಯಿಯೇ ಸರಿ. ಮ್ಯಾಟ್ ಫೌಂಡೇಶನ್ ಒಣ ಜಾಗದಲ್ಲಿ ಸಿಪ್ಪೆ ಎದ್ದಂತೆ ಕಾಣುತ್ತದೆ. ಎಣ್ಣೆ ಚರ್ಮಕ್ಕೆ ಮ್ಯಾಟ್ ವಾಸಿ.

ಡ್ಯೂಯಿ ಹೊಳಪಿನ ಅರ್ಧ ಕೆಲಸ ಮಾಡುವುದು ಮಾಯಿಶ್ಚರೈಸರ್. ತೇವ ಹಿಡಿದಿಡುವ ಗ್ಲಿಸರಿನ್ ಅಥವಾ ಹೈಲುರಾನಿಕ್ ಆಸಿಡ್ ಇರುವುದನ್ನು ಹಚ್ಚಿ, ಸ್ವಲ್ಪ ಹೊತ್ತು ಬಿಡಿ. ಆಮೇಲೆ ತೆಳು ಫೌಂಡೇಶನ್ ಅನ್ನು ಒದ್ದೆ ಸ್ಪಂಜಿನಿಂದ ತಟ್ಟಿ. ಬ್ಲಶ್ ಕ್ರೀಮಿನದೇ ಇರಲಿ. ಮಿಂಚು ಕೊಡುವ ಹೈಲೈಟರ್ ಕೆನ್ನೆಯ ಮೂಳೆಯ ಮೇಲೆ ಮಾತ್ರ ಸಾಕು. ಹಣೆಗೂ ಬಳಿದರೆ ಬೆವರಿದಂತೆ ಕಾಣುತ್ತದೆ, ಅಲ್ವಾ? ಮೊಡವೆ, ದೊಡ್ಡ ರಂಧ್ರಗಳಿದ್ದರೆ ಹೊಳಪು ಅವನ್ನೇ ಎತ್ತಿ ತೋರಿಸುತ್ತದೆ. ಬೇಗ ಅಳಿಸಿಯೂ ಹೋಗುತ್ತದೆ.

ಮ್ಯಾಟ್ ಹೆಚ್ಚು ಹೊತ್ತು ನಿಲ್ಲುತ್ತದೆ. ಆಯಿಲ್-ಫ್ರೀ ಫೌಂಡೇಶನ್ ಹಚ್ಚಿ, ಪೌಡರ್ ಅನ್ನು ಉಜ್ಜದೆ ಒತ್ತಿ. ಸಿಲಿಕಾ ಇರುವ ಪೌಡರ್ ಎಣ್ಣೆ ಹೀರುತ್ತದೆ, ಆದರೆ ಜಾಸ್ತಿಯಾದರೆ ಫ್ಲ್ಯಾಶ್ ಫೋಟೋದಲ್ಲಿ ಮುಖ ಬೆಳ್ಳಗೆ ಕಾಣಬಹುದು. ಮಧ್ಯೆ ಎಣ್ಣೆ ಬಂದರೆ ಮೊದಲು ಎಣ್ಣೆ ಹೀರುವ ಬ್ಲಾಟಿಂಗ್ ಪೇಪರ್ ಒತ್ತಿ, ಆಮೇಲೆ ಪೌಡರ್. ಇಲ್ಲದಿದ್ದರೆ ಗಂಟು ಗಂಟಾಗುತ್ತದೆ.

ನನ್ನನ್ನು ಕೇಳಿದರೆ ಎರಡನ್ನೂ ಬೆರೆಸಿ: ಹಣೆ, ಮೂಗು, ಗದ್ದಕ್ಕೆ ಪೌಡರ್, ಕೆನ್ನೆ ಹಾಗೇ ಹೊಳೆಯಲಿ.