ಹೆಪಟೈಟಿಸ್ ಸಿ ಔಷಧ: ಆರೋಗ್ಯ ವಿಮೆಯೋ, ಸರ್ಕಾರಿ ಚಿಕಿತ್ಸಾ ಕೇಂದ್ರವೋ?

ಖಾಸಗಿ ಆರೋಗ್ಯ ವಿಮೆಯನ್ನು ನೆಚ್ಚಿಕೊಂಡವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವೈರಸ್ ಸೋಂಕಿನ ಚಿಕಿತ್ಸೆ ಬಹುಪಾಲು ಮನೆಯಲ್ಲೇ ನುಂಗುವ ಮಾತ್ರೆಗಳ ಚಿಕಿತ್ಸೆ. ಸಾಮಾನ್ಯ ಪಾಲಿಸಿಗಳು ಕನಿಷ್ಠ 24 ಗಂಟೆ ಆಸ್ಪತ್ರೆಗೆ ದಾಖಲಾದವರ ವೆಚ್ಚವನ್ನು ಭರಿಸುವುದರಿಂದ, ಹೊರರೋಗಿ ಸೌಲಭ್ಯವನ್ನು ಪ್ರತ್ಯೇಕವಾಗಿ ಪಡೆದಿರದಿದ್ದರೆ ಮಾತ್ರೆಗಳ ಹಣ ಮರಳಿ ಸಿಗುವುದು ಕಷ್ಟ. ಪಾಲಿಸಿಗೆ ಮೊದಲೇ ಸೋಂಕು ಪತ್ತೆಯಾಗಿದ್ದರೆ ಅದಕ್ಕೆ ವಿಮೆ ಅನ್ವಯಿಸಲು 36 ತಿಂಗಳವರೆಗೂ ಕಾಯಬೇಕಾಗಬಹುದು. ಹಾಗೆಂದು ಕಾಯಿಲೆಯನ್ನು ಮುಚ್ಚಿಡಬಾರದು, ಏಕೆಂದರೆ ಮುಂದೆ ಇಡೀ ಕ್ಲೇಮ್ ತಿರಸ್ಕೃತವಾಗುವ ಅಪಾಯವಿದೆ.

2018ರ ಜುಲೈ 28ರಂದು ಆರಂಭವಾದ ಸರ್ಕಾರದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇಂಥ ಷರತ್ತುಗಳಿಲ್ಲ. ಅದರ ಚಿಕಿತ್ಸಾ ಕೇಂದ್ರಗಳಲ್ಲಿ ರಕ್ತದಲ್ಲಿನ ವೈರಸ್ ಪ್ರಮಾಣ ಅಳೆಯುವ ವೈರಲ್ ಲೋಡ್ ಪರೀಕ್ಷೆಯೂ ಔಷಧವೂ ಉಚಿತ. ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವ ಸ್ಥಿತಿ) ಇಲ್ಲದವರಿಗೆ ಸಾಮಾನ್ಯವಾಗಿ ಸೊಫೋಸ್ಬುವಿರ್ ಮತ್ತು ಡಕ್ಲಾಟಾಸ್ವಿರ್ ಅನ್ನು 12 ವಾರ ಕೊಡುತ್ತಾರೆ; ಸಿರೋಸಿಸ್ ಇದ್ದವರಿಗೆ ಡಕ್ಲಾಟಾಸ್ವಿರ್ ಬದಲು ವೆಲ್ಪಟಾಸ್ವಿರ್ ಇರುತ್ತದೆ. ಸರದಿಯಲ್ಲಿ ನಿಲ್ಲಬೇಕು, ಔಷಧಕ್ಕಾಗಿ ಮತ್ತೆ ಮತ್ತೆ ಹೋಗಬೇಕು ಎಂಬುದು ನಿಜ. ದಿನಗೂಲಿಯವರಿಗೆ ಅದು ಸಣ್ಣ ಹೊರೆಯಲ್ಲ. ಆದರೂ ಹೆಚ್ಚಿನವರು ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸುವುದೇ ಒಳಿತೆಂದು ನನ್ನ ದೃಢವಾದ ಅಭಿಪ್ರಾಯ. ವಿಮೆಯನ್ನು ರಕ್ತವಾಂತಿ, ಹೊಟ್ಟೆಯಲ್ಲಿ ನೀರು ತುಂಬುವುದು ಮುಂತಾಗಿ ಆಸ್ಪತ್ರೆ ಸೇರಲೇಬೇಕಾದ ಸಂದರ್ಭಗಳಿಗೆ ಉಳಿಸಿಕೊಳ್ಳಬಹುದು. ಯಾವ ದಾರಿ ಹಿಡಿದರೂ, ಮಾತ್ರೆ ಮುಗಿದ 12 ವಾರಗಳ ನಂತರ ವೈರಸ್ ಉಳಿದಿಲ್ಲವೆಂದು ಖಚಿತಪಡಿಸುವ ಪರೀಕ್ಷೆಯನ್ನು ತಪ್ಪಿಸಬಾರದು.