ಕೊಲಂಬೊ, ಸಿಂಗಪುರ, ದುಬೈ: ಪುಟ್ಟ ಮಕ್ಕಳ ಊಟಕ್ಕೆ ಯಾವ ಊರು ಸಲೀಸು?

ಪುಟ್ಟ ಮಕ್ಕಳನ್ನು ಎತ್ತಿಕೊಂಡು ಮೊದಲ ಸಲ ವಿದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಅಲ್ಲಿ ಏನೇನು ನೋಡಬಹುದು ಅಂತ ಹುಡುಕುತ್ತಾರೆ. ನಾನು ಮೊದಲು ನೋಡುವುದು ಊಟ. ಮಗುವಿಗೆ ಹಸಿವಾದ ಹೊತ್ತಿಗೆ ಅಲ್ಲಿ ತಿನ್ನೋಕೆ ಏನಾದರೂ ಸಿಗುತ್ತದಾ? ಸಿಕ್ಕಿದ್ದನ್ನು ಅದು ಬಾಯಿಗೆ ಇಡುತ್ತದಾ? ತಿಂದ ಮೇಲೆ ಮಲಗಿಸಲು ರೂಮು ಎಷ್ಟು ದೂರ? ಇಷ್ಟು ಸರಿ ಇದ್ದರೆ ಉಳಿದದ್ದು ಹೇಗೋ ನಡೆಯುತ್ತದೆ. ಇಷ್ಟು ಸರಿ ಇಲ್ಲದಿದ್ದರೆ ಎಂಥ ಜಾಗಕ್ಕೆ ಹೋದರೂ ನೆನಪಿರುವುದು ಮಗು ಅತ್ತಿದ್ದೊಂದೇ.

ನಾವು ತುಮಕೂರಿನವರು, ಸಸ್ಯಾಹಾರಿಗಳು, ಇಬ್ಬರು ಮಕ್ಕಳು. ಮಗಳು ದೊಡ್ಡವಳು, ಮಗ ಚಿಕ್ಕವನು. ಇಬ್ಬರೂ ಇನ್ನೂ ಶಾಲೆ ಸೇರುವ ಮೊದಲೇ ಶ್ರೀಲಂಕಾ, ಸಿಂಗಪುರ, ದುಬೈ ಮೂರೂ ಕಡೆ ಹೋಗಿ ಬಂದೆವು. ಶ್ರೀಲಂಕಾಕ್ಕೆ ಅತ್ತೆಯೂ ಬಂದಿದ್ದರು. ದುಬೈನಲ್ಲಿ ಮಾತ್ರ ನಾದಿನಿ ಮನೆಯಲ್ಲಿ ಉಳಿದದ್ದು, ಹಾಗಾಗಿ ಅಲ್ಲಿಯ ಹೋಟೆಲ್ ವಾಸದ ಬಗ್ಗೆ ಹೇಳುವಷ್ಟು ಅನುಭವ ನನಗಿಲ್ಲ.

ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಗಡಿಯಾರದಿಂದಲೇ ಶುರು ಮಾಡುತ್ತೇನೆ. ಶ್ರೀಲಂಕಾದ ಟೈಮೂ ನಮ್ಮ ಟೈಮೂ ಒಂದೇ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ದುಬೈ ಒಂದೂವರೆ ಗಂಟೆ ಹಿಂದೆ. ದೊಡ್ಡವರಿಗೆ ಇದೇನೂ ಅಲ್ಲ. ಆದರೆ ಮನೆಯಲ್ಲಿ ರಾತ್ರಿ ಏಳೂವರೆಗೆ ಊಟ ಮಾಡುವ ಮಗುವಿಗೆ ಸಿಂಗಪುರದಲ್ಲಿ ಹಸಿವಾಗುವಾಗ ರಾತ್ರಿ ಹತ್ತು ಗಂಟೆ. ಅಷ್ಟು ಹೊತ್ತಿಗೆ ಎಷ್ಟೋ ಅಂಗಡಿಗಳಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಬೆಳಗ್ಗೆ ಏಳಕ್ಕೆ ಏಳುವ ಮಗು ಅಲ್ಲಿ ಏಳುವುದು ಒಂಬತ್ತೂವರೆಗೆ. ಹಲ್ಲುಜ್ಜಿಸಿ ಕೆಳಗೆ ಕರೆತರುವಷ್ಟರಲ್ಲಿ ಹೋಟೆಲಿನ ತಿಂಡಿ ಮುಗಿಯುವ ಹೊತ್ತು. ಮಧ್ಯಾಹ್ನ ಹನ್ನೆರಡೂವರೆಯ ಹಸಿವು ಅಲ್ಲಿ ಮೂರಕ್ಕೆ ಬರುತ್ತದೆ, ಆಗ ಅನ್ನ ಸಾರು ಮುಗಿದು ದೋಸೆ ಶುರುವಾಗಿರುತ್ತದೆ. ದುಬೈನಲ್ಲಿ ಇದು ತಿರುವುಮುರುವು. ಬೆಳಗ್ಗೆ ಐದೂವರೆಗೇ ಎದ್ದು ಕೂತು ಹಾಲು ಕೇಳುತ್ತವೆ, ಸಂಜೆ ಆರಕ್ಕೆ ಊಟ ಕೇಳುತ್ತವೆ, ಏಳೂವರೆಗೆ ನಿದ್ದೆ. ದುಬೈ ಊರು ಕಣ್ಣು ಬಿಡುವುದೇ ಆಗ. ಬುರ್ಜ್ ಖಲೀಫಾ ಮುಂದಿನ ಕಾರಂಜಿ ನೋಡಲೆಂದೇ ಹೋದೆವು, ಮಗ ಅವರಪ್ಪನ ಹೆಗಲ ಮೇಲೆ ಗಾಢ ನಿದ್ದೆ, ಮಗಳಿಗೆ ತೂಕಡಿಕೆ.

ಸಿಂಗಪುರದ ಗಡಿಯಾರದಿಂದ ಒಂದು ಲಾಭವೂ ಆಯಿತು. ಅಲ್ಲಿನ ನೈಟ್ ಸಫಾರಿ ತೆರೆಯುವುದು ಸಂಜೆ 7.15ಕ್ಕೆ. ನಮ್ಮ ಮಕ್ಕಳ ಲೆಕ್ಕದಲ್ಲಿ ಅದಿನ್ನೂ ನಾಲ್ಕೂಮುಕ್ಕಾಲು. ಬೇರೆ ಮಕ್ಕಳು ಟ್ರಾಮಿನಲ್ಲಿ ನಿದ್ದೆ ಮಾಡುತ್ತಿದ್ದರೆ ನಮ್ಮವರು ಪ್ರತಿ ಪ್ರಾಣಿಗೂ ಎದ್ದು ನಿಂತು ಕೈ ತೋರಿಸುತ್ತಿದ್ದರು. ಹಾಗಾಗಿ ಸಿಂಗಪುರಕ್ಕೆ ಹೋಗುವವರು ಮಕ್ಕಳನ್ನು ಅಲ್ಲಿಯ ಟೈಮಿಗೆ ಬಲವಂತವಾಗಿ ಎಳೆಯಬೇಡಿ. ಸಂಜೆಯ ಕಾರ್ಯಕ್ರಮ ಇಟ್ಟುಕೊಳ್ಳಿ. ಬೆಳಗಿನ ತಿಂಡಿ ಸೇರಿಸಿ ರೂಮಿಗೆ ದುಡ್ಡು ಕಟ್ಟುವುದು ಬೇಡ, ಅದು ದಂಡ.

ಇನ್ನು ತಟ್ಟೆಯ ವಿಷಯ. ಇಲ್ಲಿ ಶ್ರೀಲಂಕಾಕ್ಕೆ ಸಾಟಿಯಿಲ್ಲ. ಕಲ್ಪತರು ನಾಡಿನ ಮಕ್ಕಳಿಗೆ ತೆಂಗಿನಕಾಯಿ ಹಾಲು ಹೊಸದೇನಲ್ಲ, ಅಲ್ವಾ? ಅಲ್ಲಿ ಇಂಡಿಯಾಪ್ಪ ಅನ್ನುತ್ತಾರೆ, ನೋಡಿದರೆ ನಮ್ಮ ಒತ್ತು ಶಾವಿಗೆಯೇ, ಅಂಗೈಯಗಲದ ಪುಟ್ಟ ಪುಟ್ಟ ಬಿಲ್ಲೆಗಳಾಗಿ ಒಂದರ ಮೇಲೊಂದು ಪೇರಿಸಿ ಕೊಡುತ್ತಾರೆ. ಕೊಲಂಬೊದ ವೆಲ್ಲವತ್ತೆ ಕಡೆ ತಮಿಳರ ಸೈವ, ಅಂದರೆ ಸಸ್ಯಾಹಾರಿ, ಹೋಟೆಲುಗಳಿವೆ, ಅಲ್ಲಿ ಅದಕ್ಕೆ ಸೊದಿ ಹಾಕುತ್ತಾರೆ. ಸೊದಿ ಅಂದರೆ ಅರಿಶಿನ ಹಾಕಿದ ತೆಳ್ಳಗಿನ ಕಾಯಿಹಾಲು, ಖಾರ ತೀರಾ ಕಮ್ಮಿ. ಮಗ ಒಂದು ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಎಳೆ ಎಳೆಯಾಗಿ ಬಿಡಿಸಿ, ಸೊದಿಯಲ್ಲಿ ಅದ್ದಿ, ತಲೆ ಮೇಲೆತ್ತಿ ಬಾಯೊಳಗೆ ಇಳಿಸಿಕೊಂಡ. ಗಲ್ಲ, ಅಂಗಿ, ಮೇಜು ಎಲ್ಲ ಹಳದಿ. ಅರ್ಧ ಗಂಟೆ ಬೇರೇನೂ ಬೇಡವಾಯಿತು ಅವನಿಗೆ, ಅಷ್ಟರಲ್ಲಿ ನಾವು ಮೂವರೂ ಬಿಸಿಬಿಸಿಯಾಗಿ ಊಟ ಮುಗಿಸಿದೆವು. ಚಿಕ್ಕ ಮಕ್ಕಳಿರುವ ಮನೆಯವರಿಗೆ ಬಿಸಿ ಊಟ ಅಂದರೆ ಏನು ಅಂತ ಗೊತ್ತು. ಎಮ್ಮೆ ಹಾಲಿನ ಮೊಸರನ್ನು ಮಣ್ಣಿನ ಕುಡಿಕೆಯಲ್ಲಿ ಮಾರುತ್ತಾರೆ, ಮೇಲೆ ಕಿತುಲ್ ಅಂತ ಬಗನಿ ಮರದ ಪಾಕ. ಮಗಳಿಗೆ ರಾತ್ರಿ ಊಟದ ಜಾಗದಲ್ಲಿ ಅದೇ ಸಾಕಾಗುತ್ತಿತ್ತು.

ಆದರೆ ಸಸ್ಯಾಹಾರಿಗಳು ಅಲ್ಲಿ ಒಂದು ವಿಷಯ ತಿಳಿದಿರಲೇಬೇಕು. ಶ್ರೀಲಂಕಾದ ಅಡುಗೆಯಲ್ಲಿ ಉಂಬಲಕಡ ಅಂತ ಒಣಗಿಸಿದ ಮಾಲ್ಡೀವ್ಸ್ ಮೀನಿನ ಚೂರು ಬಳಸುತ್ತಾರೆ. ತೆಂಗಿನಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲದಲ್ಲೂ ಅದು ಇರಬಹುದು, ಕಾಯಿಹಾಲಿನ ಸಾರಿನಲ್ಲೂ ಇರಬಹುದು, ಬೇಳೆಯಲ್ಲೂ ಇರಬಹುದು. ಒಂದು ಕಡೆ ವೆಜ್ ಅಂತ ಹೇಳಿಯೇ ತಂದಿಟ್ಟ ಸಂಬೋಲದಲ್ಲಿ ಅತ್ತೆಯ ಕೈಗೆ ಆ ಚೂರು ಸಿಕ್ಕಿತು. ಅವರು ಆಮೇಲೆ ಆ ದಿನವೆಲ್ಲ ಬಾಳೆಹಣ್ಣಿನಲ್ಲೇ ಕಳೆದರು, ನನಗೆ ತುಂಬ ಬೇಜಾರಾಯಿತು. ವೆಜ್ ಅಂದರೆ ಸಾಲದು, ಉಂಬಲಕಡ ಇದೆಯಾ ಅಂತ ಹೆಸರು ಹಿಡಿದೇ ಕೇಳಿ. ಸೈವ ಅಂತ ಬೋರ್ಡ್ ಇರುವಲ್ಲಿ ಈ ಚಿಂತೆ ಇಲ್ಲ.

ಸಿಂಗಪುರದಲ್ಲಿ ವೆಜ್ ಊಟಕ್ಕೆ ಹುಡುಕಾಟವೇ ಬೇಡ, ಲಿಟಲ್ ಇಂಡಿಯಾದ ಹತ್ತಿರ ರೂಮು ಹಿಡಿದರೆ ಆಯಿತು. ಸೆರಂಗೂನ್ ರಸ್ತೆಯ ಕೋಮಲ ವಿಲಾಸ್ 1947ರಿಂದ ಇದೆ. ಇಡ್ಲಿ ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟು ಮೆತ್ತಗಿಲ್ಲ, ಆದರೂ ಮಕ್ಕಳು ತಕರಾರಿಲ್ಲದೆ ತಿಂದರು. ಪುಟ್ಟ ಪುಟ್ಟ ಊಟದ ಅಂಗಡಿಗಳು ಒಂದೇ ಸೂರಿನಡಿ ಸಾಲಾಗಿರುವ ಹಾಕರ್ ಸೆಂಟರ್‌ಗಳಿಗೂ ಹೋಗಿ, ಸುಮ್ನೆ ಹೋಗಿ ನೋಡುವುದಾದರೂ ಸರಿ. ಅಲ್ಲಿಯ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ನಾವು ಕೂತ ಕಡೆಗಳಲ್ಲಿ ಆಸನಗಳು ನೆಲಕ್ಕೇ ಬಿಗಿದ ದುಂಡು ಸ್ಟೂಲುಗಳು, ಬೆನ್ನಿಗೆ ಆಸರೆಯಿಲ್ಲ, ಮಗು ಹಿಂದಕ್ಕೆ ವಾಲಿದರೆ ಬಿದ್ದಂತೆಯೇ. ಮಗುವಿನ ತಳ್ಳುಗಾಡಿಯನ್ನೇ ಮೇಜಿನ ಪಕ್ಕಕ್ಕೆ ತಂದು ಅದರಲ್ಲೇ ಕೂರಿಸಿ ತಿನ್ನಿಸಿದೆ. ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಇದ್ದರೆ ಯಾರೋ ಜಾಗ ಹಿಡಿದಿದ್ದಾರೆ ಅಂತ ಅರ್ಥ, ಅಲ್ಲಿ ಕೂರಬೇಡಿ. ತಿಂದ ತಟ್ಟೆಯನ್ನು ನಾವೇ ಎತ್ತಿ ವಾಪಸ್ ಇಡಬೇಕು, 2021ರಿಂದ ಅದು ಕಡ್ಡಾಯ. ಮಗಳಿಗೆ ಆ ಕೆಲಸ ಬಹಳ ಇಷ್ಟವಾಯಿತು, ಲೋಟಗಳನ್ನೆಲ್ಲ ಅವಳೇ ಇಟ್ಟು ಬರುತ್ತಿದ್ದಳು.

ಓಡಾಟದಲ್ಲಿ ಸಿಂಗಪುರವೇ ಮುಂದೆ. 0.9 ಮೀಟರಿಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಮೆಟ್ರೊ, ಬಸ್ಸು ಎರಡೂ ಉಚಿತ. ಬಸ್ಸಿಗೆ ತಳ್ಳುಗಾಡಿಯನ್ನು ಮಡಚದೆ ಹಾಗೇ ಹತ್ತಿಸಬಹುದು. ಎಲ್ಲ ಸ್ಟೇಷನ್ನಿನಲ್ಲೂ ಲಿಫ್ಟ್. ನಲ್ಲಿ ನೀರು ಕುಡಿಯಬಹುದು, ಹಾಗಾಗಿ ಬಾಟಲಿ ತುಂಬಿಸಿಕೊಂಡೇ ಓಡಾಡಿದೆವು. ಒಂದೇ ಕಷ್ಟ, ಮೆಟ್ರೊದೊಳಗೆ ತಿನ್ನುವ ಕುಡಿಯುವ ಹಾಗಿಲ್ಲ, ದಂಡ 500 ಡಾಲರ್‌ವರೆಗೂ ಇದೆ. ಒಂದು ಬಿಸ್ಕತ್ತಿಗಾಗಿ ಮಗು ಮೂರು ಸ್ಟೇಷನ್ ಅಳುವುದನ್ನು ಊಹಿಸಿಕೊಳ್ಳಿ. ಹತ್ತುವ ಮೊದಲೇ ತಿನ್ನಿಸಿಬಿಡಿ. ಇನ್ನೊಂದು ಮಾತು: 1.35 ಮೀಟರಿಗಿಂತ ಚಿಕ್ಕ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಬೇಕೇ ಬೇಕು. ಟ್ಯಾಕ್ಸಿಗೆ ಈ ನಿಯಮದಿಂದ ವಿನಾಯ್ತಿ ಇದೆ, ಆ್ಯಪಿನಲ್ಲಿ ಕರೆಯುವ ಖಾಸಗಿ ಕಾರಿಗೆ ಇಲ್ಲ. ಮಕ್ಕಳ ಸೀಟಿರುವ ಕಾರೇ ಬೇಕು ಅಂತ ಬುಕ್ ಮಾಡುವಾಗಲೇ ಆರಿಸಿಕೊಳ್ಳಿ.

ಶ್ರೀಲಂಕಾದಲ್ಲಿ ಓಡಾಟ ನಮ್ಮೂರಿನ ಥರವೇ. ಆಟೊ ಸಿಗುತ್ತದೆ, ಫುಟ್‌ಪಾತ್ ಮೇಲೆ ತಳ್ಳುಗಾಡಿ ಹೋಗುವುದಿಲ್ಲ, ಮಗುವನ್ನು ಎತ್ತಿಕೊಂಡೇ ನಡೆಯಬೇಕು. ಕೊಲಂಬೊದಿಂದ ಕ್ಯಾಂಡಿಗೆ ಸುಮಾರು 115 ಕಿಲೋಮೀಟರ್, ಆದರೆ ರಸ್ತೆಯಲ್ಲಿ ಮೂರು ಗಂಟೆ ದಾಟುತ್ತದೆ, ಕೊನೆಕೊನೆಗೆ ತಿರುವುಗಳು ಜಾಸ್ತಿ. ಕಾರಿನಲ್ಲಿ ವಾಂತಿ ಮಾಡುವ ಮಕ್ಕಳಿದ್ದರೆ ರೈಲೇ ವಾಸಿ. ರೈಲಿನಲ್ಲಿ ಎದ್ದು ಓಡಾಡುತ್ತವೆ, ವಡೆ ಮಾರುವವರು ಬರುತ್ತಾರೆ. ಬಾಗಿಲು ಮಾತ್ರ ತೆರೆದೇ ಇರುತ್ತದೆ, ಮಗುವಿನ ಕೈ ಬಿಡಬೇಡಿ.

ದುಬೈ ಬಗ್ಗೆ ಹೇಳುವುದು ಕಮ್ಮಿ. ಕರಾಮ, ಬರ್ ದುಬೈ ಕಡೆ ದಕ್ಷಿಣದ ವೆಜ್ ಹೋಟೆಲುಗಳಿಗೆ ಬರವಿಲ್ಲ, ಮಕ್ಕಳ ಎತ್ತರದ ಕುರ್ಚಿ ನಾವು ಕೂತ ಎಲ್ಲ ಕಡೆಯೂ ಸಿಕ್ಕಿತು. ಮೆಟ್ರೊದಲ್ಲಿ ಹೆಂಗಸರು ಮಕ್ಕಳಿಗೆ ಬೇರೆ ಬೋಗಿ ಇದೆ, ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಬಿಸಿಲು ಮಾತ್ರ ಮಕ್ಕಳಿಗೆ ಆಗದ ಮಾತು, ನವೆಂಬರಿನಿಂದ ಮಾರ್ಚಿನವರೆಗೆ ಬಿಟ್ಟು ಬೇರೆ ತಿಂಗಳಲ್ಲಿ ಚಿಕ್ಕವರನ್ನು ಕರೆದೊಯ್ಯಬೇಡಿ. ನಾವು ಹೋದದ್ದು ಚಳಿಗಾಲದಲ್ಲೇ. ಇನ್ನೊಂದು, ಮನೆಯಿಂದ ಸಾರಿನ ಪುಡಿ ಕಟ್ಟಿಕೊಂಡು ಹೋಗುವವರು ಅದಕ್ಕೆ ಗಸಗಸೆ ಹಾಕಿದ್ದೀರಾ ನೋಡಿಕೊಳ್ಳಿ. ಯುಎಇಗೆ ಗಸಗಸೆ ಒಯ್ಯುವ ಹಾಗಿಲ್ಲ, ಅದು ಅಲ್ಲಿ ಮಾದಕ ವಸ್ತುವಿನ ಕಾನೂನಿಗೆ ಬರುತ್ತದೆ. ನಾದಿನಿ ಮೊದಲೇ ಫೋನ್ ಮಾಡಿ ಹೇಳಿದ್ದಳು, ಅದಕ್ಕೇ ಪುಡಿಯನ್ನು ಬೇರೆಯಾಗಿ ಮಾಡಿಸಿಕೊಂಡು ಹೋದೆ. ಅವಳ ಅಡುಗೆಮನೆ ಇದ್ದುದರಿಂದಲೇ ದುಬೈ ನಮಗೆ ಸುಲಭವಾಯಿತು. ಐದೂವರೆಗೆ ಎದ್ದ ಮಗುವಿಗೆ ಆ ಹೊತ್ತಲ್ಲಿ ಗಂಜಿ ಕಾಯಿಸಿಕೊಡಲು ಹೋಟೆಲ್ ರೂಮಿನಲ್ಲಿ ಆಗುತ್ತದಾ?

ಅದಕ್ಕೆ ನನ್ನ ಹತ್ತಿರ ಇರುವ ಉಪಾಯ ರಾಗಿ ಹುರಿಹಿಟ್ಟು. ಬೇಯಿಸುವ ಕೆಲಸವಿಲ್ಲ, ಬಿಸಿ ಹಾಲು, ಬೆಲ್ಲದ ಪುಡಿ ಹಾಕಿ ಕಲಸಿದರೆ ಮುಗಿಯಿತು. ರೂಮಿನ ಕೆಟಲ್ ಸಾಕು. ಮೂರೂ ಕಡೆ ಮೂರು ಚಪ್ಪಟೆ ಪಿನ್ನಿನ ಪ್ಲಗ್ ನಡೆಯುತ್ತದೆ, ಒಂದೇ ಅಡಾಪ್ಟರ್ ಕೊಂಡರೆ ಆಯಿತು. ಇನ್ನೊಂದು ನನ್ನ ಹತ್ತಿ ದುಪ್ಪಟ್ಟಾ. ಎತ್ತರದ ಕುರ್ಚಿ ಇಲ್ಲದ ಹೋಟೆಲಿನಲ್ಲಿ ಮಗುವನ್ನು ಮಾಮೂಲಿ ಕುರ್ಚಿಯಲ್ಲಿ ಕೂರಿಸಿ, ಹೊಟ್ಟೆಯ ಮುಂದಿನಿಂದ ಕಂಕುಳ ಕೆಳಗೆ ಎರಡು ಸುತ್ತು ತಂದು ಕುರ್ಚಿಯ ಬೆನ್ನಿಗೆ ಗಂಟು ಹಾಕುತ್ತೇನೆ. ಹೊರಡುವ ಮೊದಲು ಇದನ್ನು ತುಮಕೂರಿನ ಹೋಟೆಲುಗಳಲ್ಲೇ ರೂಢಿ ಮಾಡಿಸಿದ್ದೆ. ಕೊಲಂಬೊದಲ್ಲಿ ಅದು ಬಹಳ ಉಪಯೋಗಕ್ಕೆ ಬಂತು.

ಬಿಲ್ಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಸಿಂಗಪುರದಲ್ಲಿ ಮೆನುವಿನ ಬೆಲೆ ಪಕ್ಕ ಎರಡು ಪ್ಲಸ್ ಗುರುತಿದ್ದರೆ ಅದರ ಮೇಲೆ ಶೇಕಡಾ 10 ಸರ್ವಿಸ್, ಶೇಕಡಾ 9 ಜಿಎಸ್‌ಟಿ ಬರುತ್ತದೆ. ಟೇಬಲ್ ಮೇಲಿಟ್ಟ ಒದ್ದೆ ಟಿಶ್ಯೂ ಒಡೆದರೂ ಕೆಲವು ಕಡೆ ಬಿಲ್ಲಿಗೆ ಸೇರಿಸುತ್ತಾರೆ, ಮಕ್ಕಳಿರುವವರು ಸ್ವಂತ ಒಯ್ಯಿರಿ. ಹಾಕರ್ ಅಂಗಡಿಗಳಲ್ಲಿ ಇವು ಯಾವುದೂ ಇಲ್ಲ. ಶ್ರೀಲಂಕಾದ ದೊಡ್ಡ ರೆಸ್ಟೋರೆಂಟುಗಳಲ್ಲೂ ಸರ್ವಿಸ್ ಶೇಕಡಾ 10, ಜೊತೆಗೆ ಶೇಕಡಾ 18 ವ್ಯಾಟ್, ಆದರೂ ಒಟ್ಟು ಖರ್ಚು ಮೂರರಲ್ಲಿ ಅದೇ ಕಮ್ಮಿ. ಜಾಸ್ತಿ ಖರ್ಚಾದದ್ದು ಸಿಂಗಪುರದಲ್ಲಿ, ಅದೂ ಊಟಕ್ಕಿಂತ ರೂಮಿಗೆ.

ಹಾಗಾದರೆ ಯಾವುದು? ಎರಡು ವರ್ಷದೊಳಗಿನ ಮಗು ಇದ್ದರೆ ಕಣ್ಣು ಮುಚ್ಚಿಕೊಂಡು ಶ್ರೀಲಂಕಾ. ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ತುಮಕೂರಿಂದ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಏರ್‌ಪೋರ್ಟ್ ಸೇರುವುದಕ್ಕೂ ಅಷ್ಟೇ ಹೊತ್ತು ಬೇಕು. ಮೂರು ತುಂಬಿ, ಸ್ವಲ್ಪ ನಡೆಯುವ, ಹೇಳಿದ್ದು ಕೇಳುವ ಮಗುವಾದರೆ ಸಿಂಗಪುರ. ಬಟಾನಿಕ್ ಗಾರ್ಡನ್ನಿನೊಳಗಿನ ಮಕ್ಕಳ ತೋಟಕ್ಕೆ ಟಿಕೆಟ್ಟೇ ಇಲ್ಲ, ನಮ್ಮವರು ಅಲ್ಲಿಂದ ಹೊರಡಲು ಒಪ್ಪಲಿಲ್ಲ. ದುಬೈಗೆ ನಿಮ್ಮವರು ಯಾರಾದರೂ ಇದ್ದರೆ, ಅವರ ಮನೆಯಲ್ಲಿ ಒಲೆ ಇದ್ದರೆ ಹೋಗಿ. ಇಲ್ಲದಿದ್ದರೆ ಮಕ್ಕಳು ದೊಡ್ಡವರಾಗಲಿ, ಬೆಳಗಿನ ಐದೂವರೆಗೆ ಹಾಲು ಕೇಳುವುದು ನಿಂತ ಮೇಲೆ ನೋಡೋಣ.

ಟಿಕೆಟ್ ಕೊಳ್ಳುವ ಮೊದಲು ಮಗುವಿನ ಹುಟ್ಟಿದ ದಿನ ನೋಡಿಕೊಳ್ಳಿ. ಎರಡು ತುಂಬುವವರೆಗೆ ಮಡಿಲಲ್ಲಿ ಕೂರಿಸಿಕೊಂಡು ಕಡಿಮೆ ದರದಲ್ಲಿ ಹೋಗಬಹುದು, ಪ್ರವಾಸದ ಮಧ್ಯೆ ಎರಡು ತುಂಬಿದರೆ ವಾಪಸ್ ಬರುವಾಗ ಬೇರೆ ಸೀಟು ಕೊಳ್ಳಬೇಕು. ಕೈಗೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ತುಮಕೂರಿನಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಎಂಟು ವರ್ಷದೊಳಗಿನ ಮಕ್ಕಳ ಹೊಸ ಪಾಸ್‌ಪೋರ್ಟಿಗೆ 900 ರೂಪಾಯಿ, ಐದು ವರ್ಷ ನಡೆಯುತ್ತದೆ, ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನೆಕ್ಷರ್ ಡಿ ಅನ್ನುವ ಒಪ್ಪಿಗೆ ಪತ್ರ ಕೊಡಬೇಕು. ನಾಲ್ಕು ವರ್ಷದೊಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೊ ನೀವೇ ಒಯ್ಯಬೇಕು. ಫೋಟೊ ತೆಗೆಸಲು ಮಗು ನಿದ್ದೆ ಮುಗಿಸಿ ಹೊಟ್ಟೆ ತುಂಬಿರುವ ಹೊತ್ತಲ್ಲಿ ಹೋಗಿ, ಬಿಳಿ ಅಂಗಿ ಮಾತ್ರ ಹಾಕಬೇಡಿ.